ಎತ್ತಿನ ಗಾಡಿಯಲ್ಲಿ 2040 ಮೈಲಿ

ಮೊನ್ನೆ ನಮ್ಮ ಪ್ರಾಜೆಕ್ಟಿನ ಬಿಲ್ಡ್ ಮಧ್ಯರಾತ್ರಿ ಮುಗ್ಗರಿಸಿ ಬಿದ್ದಾಗ, ಫೋನಿನ ಆ ಕಡೆ ಇದ್ದ ಅಮೆರಿಕದ ಸಹೋದ್ಯೋಗಿ "ಸರಿ, ಆಮಶಂಕೆ ಬಂದು ಸತ್ತೆವು" ಅಂದು ನಕ್ಕ. ನನಗೆ ತಲೆಬುಡ ಅರ್ಥವಾಗಲಿಲ್ಲ. ಕೇಳಿದರೆ, ಅದು ಅವನು ಶಾಲೆಯಲ್ಲಿ ಆಡುತ್ತಿದ್ದ 'ಒರೆಗಾನ್ ಟ್ರೇಲ್' ಅನ್ನೋ ಕಂಪ್ಯೂಟರ್ ಆಟದ ಮಾತಂತೆ. ಮೇಷ್ಟ್ರೇ ಕೂರಿಸಿ ಆಡಿಸುತ್ತಿದ್ದರಂತೆ! ನಮ್ಮ ಕಾಲದ ಭೂಗೋಳ ಅಂದರೆ ಖಾಲಿ ನಕ್ಷೆಯಲ್ಲಿ ನದಿ ಗುರುತಿಸಿ ಅಂಕ ಗಿಟ್ಟಿಸುವುದು. ಆ ನದಿಯನ್ನು ದಾಟುವುದು ಹೇಗೆ ಅಂತ ಯಾರೂ ಕೇಳಿರಲಿಲ್ಲ. ಹೊಟ್ಟೆಕಿಚ್ಚಿನಿಂದಲೇ ಇದರ ಚರಿತ್ರೆಯ ಹಿಂದೆ ಬಿದ್ದೆ.

ಪಾಠಕ್ಕಾಗಿ ಕಂಪ್ಯೂಟರ್ ಆಟ ಬರೆದವರಲ್ಲಿ ಇವರೇ ಮೊದಲಿಗರಲ್ಲ. 1964ರಲ್ಲೇ ನ್ಯೂಯಾರ್ಕ್ ರಾಜ್ಯದಲ್ಲಿ ಮೇಬಲ್ ಆಡಿಸ್ ಎಂಬ ಶಾಲಾ ಶಿಕ್ಷಕಿ ಐಬಿಎಂ ಜೊತೆ ಸೇರಿ ಸುಮೇರಿಯಾದ ರಾಜನಾಗಿ ಧಾನ್ಯ ಹಂಚುವ ಆಟವೊಂದನ್ನು ರೂಪಿಸಿದ್ದರು. ಆದರೆ ಊರೂರು ಶಾಲೆ ತಲುಪಿದ್ದು ಒರೆಗಾನ್ ಗಾಡಿಯೇ.

1971. ಡಾನ್ ರಾವಿಚ್ ಅನ್ನುವ ಹುಡುಗ ಮಿನಿಯಾಪೊಲಿಸ್ಸಿನ ಶಾಲೆಯೊಂದರಲ್ಲಿ ಎಂಟನೇ ಕ್ಲಾಸಿಗೆ ಇತಿಹಾಸ ಹೇಳುತ್ತಿದ್ದ. ನಮ್ಮಲ್ಲಿ ಬಿ.ಎಡ್ ಮಾಡುವವರು ಪಾಠ ಮಾಡಲು ಬರುತ್ತಾರಲ್ಲ, ಆ ಥರ. 1840ರ ದಶಕದಲ್ಲಿ ಮಿಸೌರಿಯ ಇಂಡಿಪೆಂಡೆನ್ಸ್ ಊರಿನಿಂದ ಪಶ್ಚಿಮದ ಒರೆಗಾನ್‌ಗೆ ಕಮಾನು ಗಾಡಿ ಕಟ್ಟಿಕೊಂಡು ವಲಸೆ ಹೋದವರ ಪಾಠ. ನಕ್ಷೆ, ಕಾರ್ಡು, ದಾಳ ಇಟ್ಟುಕೊಂಡು ಆತ ಒಂದು ಆಟ ಮಾಡಿದ್ದ. ರೂಮ್‌ಮೇಟುಗಳಾದ ಬಿಲ್ ಹೈನೆಮನ್, ಪಾಲ್ ಡಿಲೆನ್‌ಬರ್ಗರ್ ಇಬ್ಬರೂ ಗಣಿತದವರು, ಬೇಸಿಕ್ ಗೊತ್ತಿದ್ದವರು. ಇದನ್ನು ಕಂಪ್ಯೂಟರಿಗೆ ಹಾಕೋಣ ಅಂತ ಎರಡು ವಾರದೊಳಗೆ ಬರೆದೇಬಿಟ್ಟರು. ಡಿಸೆಂಬರ್ 3ರಂದು ಕ್ಲಾಸಿಗೆ ಬಂದದ್ದು ಪರದೆ ಇರುವ ಕಂಪ್ಯೂಟರಲ್ಲ, ಫೋನ್ ಲೈನಿಗೆ ಸಿಕ್ಕಿಸಿದ ಟೆಲಿಟೈಪ್. ಕಾಗದದ ಮೇಲೆ ಕಟಕಟ ಅಂತ ಕಥೆ ಅಚ್ಚಾಗಿ ಬರುತ್ತಿತ್ತು. ಬೇಟೆಯಾಡಬೇಕೆಂದರೆ 'ಬ್ಯಾಂಗ್' ಅಂತ ಬೇಗ ಟೈಪ್ ಮಾಡಬೇಕು. ತಡವಾದರೆ ಆ ದಿನ ಊಟ ಇಲ್ಲ :-)

ಸೆಮಿಸ್ಟರ್ ಮುಗಿದಾಗ ರಾವಿಚ್ ಕೋಡನ್ನು ಕಾಗದಕ್ಕೆ ಪ್ರಿಂಟ್ ತೆಗೆದು, ಕಂಪ್ಯೂಟರಿನಿಂದ ಅಳಿಸಿಬಿಟ್ಟ. (ಬ್ಯಾಕಪ್ ಅಂದರೆ ಅದು!) 1974ರಲ್ಲಿ ಅವನಿಗೆ ಮೆಕ್ ಅನ್ನುವ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಮಿನ್ನೆಸೋಟಾದ ಶಾಲೆಗಳಿಗೆ ಕಂಪ್ಯೂಟರ್ ಒದಗಿಸಲು ಆ ರಾಜ್ಯವೇ ಕಟ್ಟಿದ್ದ ಸಂಸ್ಥೆ. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಕೂತು, ಕಾಗದದಲ್ಲಿದ್ದ ಅಷ್ಟನ್ನೂ ಮತ್ತೆ ಟೈಪ್ ಮಾಡಿದ.

ನನಗೆ ಬಹಳ ಹಿಡಿಸಿದ್ದು ಆಮೇಲೆ ನಡೆದದ್ದು. ಮೊದಲ ಆಟದಲ್ಲಿ ಗಾಡಿ ಮುರಿಯುವುದು, ರೋಗ ಬರುವುದು ಎಲ್ಲ ಅಂದಾಜಿನ ಮೇಲೆ ನಡೆಯುತ್ತಿತ್ತು. ರಾವಿಚ್ ಈಗ ಆ ದಾರಿಯಲ್ಲಿ ನಿಜವಾಗಿ ನಡೆದವರ ದಿನಚರಿಗಳನ್ನು ಓದತೊಡಗಿದ. ಎಷ್ಟು ದಿನ ಮಳೆ ಅಂತ ಬರೆದಿದ್ದಾರೆ, ಎಷ್ಟು ಸಲ ನೀರು ಕೆಟ್ಟಿತ್ತು, ಅಂತ ಎಣಿಸಿ, ಆ ಲೆಕ್ಕದ ಮೇಲೆ ಆಟದ ಸಂಭವನೀಯತೆಗಳನ್ನು ತಿದ್ದಿದ. ಆ ಕೋಡು 1978ರಲ್ಲಿ 'ಕ್ರಿಯೇಟಿವ್ ಕಂಪ್ಯೂಟಿಂಗ್' ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ನಾನೂ ಒಂದು ಭಾನುವಾರ ಟೈಪ್ ಮಾಡಿ ಓಡಿಸಿದೆ.

ಆಟ 1847ರ ಮಾರ್ಚ್ 29ಕ್ಕೆ ಶುರು. ಒಂದೊಂದು ಸರದಿಗೆ ಎರಡು ವಾರ. 2040 ಮೈಲಿ, ಅಂದರೆ ಸುಮಾರು 3280 ಕಿ.ಮೀ. ಡಿಸೆಂಬರ್ 20ರೊಳಗೆ ತಲುಪದಿದ್ದರೆ ಹಿಮಗಾಳಿಗೆ ಇಡೀ ಕುಟುಂಬ ಖಲಾಸ್. ಮೊದಲ 950 ಮೈಲಿ ಬಯಲು. ನಾನು ಬುದ್ಧಿವಂತ ಅಂದುಕೊಂಡು ಬಟ್ಟೆಗೆ ದುಡ್ಡೇ ಹಾಕಲಿಲ್ಲ, ಎಲ್ಲ ಎತ್ತಿಗೂ ಊಟಕ್ಕೂ ಸುರಿದೆ. 950 ದಾಟಿದ ಮೇಲೆ ಬೆಟ್ಟ ಶುರು. ಬಯಲಲ್ಲಿ ಜಡಿಮಳೆಯಾಗಿದ್ದ ಘಟನೆಯೇ ಅಲ್ಲಿ ಚಳಿಯಾಗಿ ಬದಲಾಗುತ್ತದೆ, ಒಂದೇ ಒಂದು 'ಇಫ್' ಸಾಲಿನಿಂದ. ಸೌತ್ ಪಾಸ್ ಹೇಗೋ ದಾಟಿದೆ. 1700ನೇ ಮೈಲಿಯ ಬ್ಲೂ ಪರ್ವತದಲ್ಲಿ ಸತ್ತೆ. ಆಮೇಲೆ ಅಟ್ಲಾಸ್ ತೆಗೆದು ನೋಡಿದರೆ, ಸೌತ್ ಪಾಸ್ ಅನ್ನೋದು ರಾಕಿ ಪರ್ವತಸಾಲಿನಲ್ಲಿ ಸುಮಾರು 7400 ಅಡಿ ಎತ್ತರದ ಅಗಲವಾದ, ಇಳಿಜಾರು ಕಡಿಮೆಯಿರುವ ಕಣಿವೆದಾರಿ. ಎತ್ತಿನ ಗಾಡಿ ಅಲ್ಲಿ ಏರಬಲ್ಲದು, ಅದಕ್ಕೇ ದಾರಿ ಅಲ್ಲಿ ಹೋಯಿತು. ಆ ಹೆಸರನ್ನು ಇನ್ನು ನಾನು ಮರೆಯುವ ಹಾಗೇ ಇಲ್ಲ.

1985ರಲ್ಲಿ ಫಿಲಿಪ್ ಬುಷಾರ್ ಮುಂದಾಳತ್ವದಲ್ಲಿ ಆಪಲ್ 2ಕ್ಕೆ ಬಂದ ಆವೃತ್ತಿಯಲ್ಲಿ ಭೂಗೋಳ ಇನ್ನೂ ಗಟ್ಟಿಯಾಯಿತು. ನನ್ನ ಸಹೋದ್ಯೋಗಿ ಸತ್ತದ್ದು ಇದರಲ್ಲೇ. ಹೊರಡುವ ತಿಂಗಳನ್ನು ನಾವೇ ಆರಿಸಬೇಕು. ಬೇಗ ಹೊರಟರೆ ಎತ್ತುಗಳಿಗೆ ಹುಲ್ಲಿಲ್ಲ, ತಡವಾದರೆ ಮುಂದೆ ಹಿಮ. ಮಳೆ ಬಿದ್ದರೆ ಹೊಳೆ ಆಳವಾಗುತ್ತದೆ. ಗಾಡಿ ಹಾಯಿಸುವುದೋ, ತೇಲಿಸುವುದೋ, ದುಡ್ಡು ಕೊಟ್ಟು ದೋಣಿ ಹಿಡಿಯುವುದೋ? ಹತ್ತು ವರ್ಷದ ಮಗು ಕೂತು ಇದನ್ನು ಯೋಚಿಸುತ್ತಿತ್ತು ಅಂದರೆ, ಖಾಲಿ ನಕ್ಷೆ ತುಂಬಿದ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆದರೆ ಒಂದು ತಕರಾರಿದೆ. ದಿನಚರಿ ಬರೆದವರು ಗಾಡಿಯಲ್ಲಿ ಕೂತವರು. ಅವರು ಹಾದುಹೋದ ನೆಲದಲ್ಲಿ ಮೊದಲಿನಿಂದ ಬದುಕುತ್ತಿದ್ದವರ ಲೆಕ್ಕ ಆ ಪುಟಗಳಲ್ಲಿ ಎಷ್ಟಿರಲು ಸಾಧ್ಯ? 1995ರಲ್ಲಿ ಬಿಲ್ ಬಿಗೆಲೋ ಎಂಬ ಮೇಷ್ಟ್ರು ಆಟದ ಸಿ.ಡಿ. ಆವೃತ್ತಿಯ ಬಗ್ಗೆ ಇದನ್ನೇ ಕಟುವಾಗಿ ಬರೆದರು. ಮಕ್ಕಳು ವಲಸಿಗರ ಕಣ್ಣಲ್ಲೇ ಎಲ್ಲ ನೋಡುತ್ತಾರೆ, ಆ ಗಾಡಿಗಳಿಂದ ಹುಲ್ಲಿಗೆ, ಕಾಡೆಮ್ಮೆಗಳಿಗೆ, ಅಲ್ಲಿಯ ಜನಕ್ಕೆ ಏನಾಯಿತು ಅನ್ನೋದು ಆಟಕ್ಕೆ ಬೇಕಿಲ್ಲ ಅಂತ. ಅವರು ಪಾಠ ಹೇಳುತ್ತಿದ್ದದ್ದು ಒರೆಗಾನಿನ ಪೋರ್ಟ್‌ಲ್ಯಾಂಡಿನಲ್ಲಿ, ಆ ದಾರಿ ಹೋಗಿ ಮುಗಿಯುವ ಕಡೆ. 2021ರಲ್ಲಿ ಬಂದ ಹೊಸ ಆವೃತ್ತಿಗೆ ಮೂಲನಿವಾಸಿ ಇತಿಹಾಸಕಾರರ ಸಲಹೆ ಪಡೆದರು. ಆಟ ಹುಟ್ಟಿ ಆಗಲೇ 50 ವರ್ಷ.

ರಾವಿಚ್‌ನನ್ನು ಬೈಯಲು ನನಗೆ ಮನಸ್ಸಿಲ್ಲ. 1978ರ ಕೋಡಿನಲ್ಲಿ ಒಂದು 'ಡೇಟಾ' ಸಾಲಿದೆ: 6, 11, 13 ಅಂತ ಶುರುವಾಗಿ 95ಕ್ಕೆ ಮುಗಿಯುತ್ತದೆ. ಪ್ರತಿ ಸರದಿಗೂ ಕಂಪ್ಯೂಟರ್ 100ರೊಳಗೆ ಒಂದು ಸಂಖ್ಯೆ ಎತ್ತುತ್ತದೆ. 69ರಿಂದ 95ರವರೆಗೆ ಬಂದರೆ ಕಾಯಿಲೆಯ ಸರದಿ. 95 ದಾಟಿದರೆ ಮೂಲನಿವಾಸಿಗಳು ಬಂದು ಆಹಾರ ಎಲ್ಲಿ ಸಿಗುತ್ತದೆಂದು ತೋರಿಸುತ್ತಾರೆ. ಆಗಿನ ಸಿನಿಮಾಗಳಲ್ಲಿ ಅವರು ಬರೀ ಬಾಣ ಬಿಡುತ್ತಿದ್ದರು. ಇಲ್ಲಿ ದಾರಿ ತೋರಿಸುತ್ತಾರೆ. ಆದರೂ ನೂರಕ್ಕೆ ಐದೇ.

ನಾನು ಕೊನೆಯ 95ನ್ನು 85 ಮಾಡಿ ಓಡಿಸಿ ನೋಡಿದೆ. ಸಹಾಯ ಮೂರು ಪಟ್ಟು, ಕಾಯಿಲೆ ಕಡಿಮೆ. ಅಕ್ಟೋಬರಿನಲ್ಲೇ ಆರಾಮಾಗಿ ಒರೆಗಾನ್ ತಲುಪಿದೆ. ಆಡುವ ಮಗುವಿಗೆ ಆ ಸಾಲು ಕಾಣುವುದೇ ಇಲ್ಲ. ಇದೇ ಅಲ್ಲಿಯ ನೆಲ, ಇದೇ ಅಲ್ಲಿಯ ಜನ ಅಂತ ನಂಬಿಬಿಡುತ್ತದೆ. ರಾವಿಚ್ ಹತ್ತಿರ ದಿನಚರಿಗಳಾದರೂ ಇದ್ದವು. ನನ್ನ 85ಕ್ಕೆ ಏನು ಆಧಾರ? ವಾಪಸ್ 95 ಅಂತ ತಿದ್ದಿ ಸೇವ್ ಮಾಡಿದೆ.