ಮಿಕ್ಸಿಂಗಿನ ಕೋಣೆ ಊರಿಗೆ ಬಂದ ಬಗೆ

ಕುಂದಗೋಳವು ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದು, ತನ್ನ ರಾಜಧಾನಿಯಿಂದ ಬಹುದೂರದಲ್ಲಿ ಧಾರವಾಡ ಸೀಮೆಯ ನಡುವೆ ಪ್ರತ್ಯೇಕವಾಗಿ ಉಳಿದಿದ್ದ ಕಾಲದಲ್ಲಿಯೇ, ಅಂದರೆ 1934ರಲ್ಲಿ, ತೆರೆಯ ಮೇಲೆ ಕನ್ನಡವನ್ನಾಡಿದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ಮತ್ತೊಂದು ಸಂಸ್ಥಾನದ ರಾಜಧಾನಿಯಾದ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಸಿದ್ಧವಾಯಿತು. ಇಪ್ಪತ್ತು ವರ್ಷಗಳ ತರುವಾಯ, 1954ರಲ್ಲಿ, ‘ಬೇಡರ ಕಣ್ಣಪ್ಪ’ ಸಿದ್ಧವಾದುದು ಮದರಾಸಿನಲ್ಲಿ. ಕಥೆ ನಮ್ಮದು, ನಟರು ನಮ್ಮವರು, ನೋಡುವವರೂ ನಾವೇ. ಆದರೆ ಚಿತ್ರವನ್ನು ತಿದ್ದಿ, ಜೋಡಿಸಿ, ಬಣ್ಣ ಹದಗೊಳಿಸಿ, ಧ್ವನಿ ಕೂಡಿಸಿ ಮುಗಿಸುವ ಕಾರ್ಯವು ಮಾತ್ರ ಸದಾ ಪರಸ್ಥಳದಲ್ಲಿಯೇ ನಡೆಯತಕ್ಕದ್ದೆಂಬ ವ್ಯವಸ್ಥೆಯು ಬಹುಕಾಲ ಯಾರಿಗೂ ವಿಚಿತ್ರವೆನಿಸಲಿಲ್ಲ.

ಅದಕ್ಕೆ ಸಕಾರಣವೂ ಇದ್ದಿತು. ಫಿಲ್ಮಿನ ಕಾಲದಲ್ಲಿ ಸಂಕಲನಕಾರನು ಕತ್ತರಿಸುತ್ತಿದ್ದುದು ಮೂಲವನ್ನಲ್ಲ, ಅದರ ಒಂದು ಒರಟು ಪ್ರತಿಯನ್ನು; ಆತನ ನಿರ್ಣಯಗಳೆಲ್ಲ ಸ್ಥಿರವಾದ ಮೇಲೆ, ಅಂಚಿನಲ್ಲಿ ಮುದ್ರಿತವಾದ ಸಂಖ್ಯೆಗಳನ್ನನುಸರಿಸಿ ಮೂಲ ನೆಗೆಟಿವನ್ನು ಕತ್ತರಿಸಿ ಜೋಡಿಸಲಾಗುತ್ತಿತ್ತು. ಒಂದು ದೃಶ್ಯವು ಮತ್ತೊಂದರಲ್ಲಿ ಕರಗಬೇಕಾದರೂ ಸಾಮಾನ್ಯವಾಗಿ ಆಪ್ಟಿಕಲ್ ಪ್ರಿಂಟರಿನಲ್ಲಿ ಪುನಃ ಚಿತ್ರೀಕರಿಸದೆ ಗತಿಯಿರಲಿಲ್ಲ. ಪ್ರಯೋಗಶಾಲೆಯ ಗ್ರೇಡರ್ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಒಂದರಿಂದ ಐವತ್ತರವರೆಗಿನ ಅಂಕಗಳಲ್ಲಿ ಅಳೆದು, ಪ್ರತಿಯೊಂದು ದೃಶ್ಯದ ವರ್ಣವನ್ನು ನಿಶ್ಚಯಿಸುತ್ತಿದ್ದನು. ನಿರ್ಮಾಪಕನು ಜೀವ ಹಿಡಿದುಕೊಂಡು ಕಾಯುತ್ತಿದ್ದ ‘ಫಸ್ಟ್ ಕಾಪಿ’ ಇಷ್ಟೆಲ್ಲದರ ಕೊನೆಯ ಫಲ. ಇಂಥ ಯಂತ್ರಸಾಮಗ್ರಿಯನ್ನು ಮಹಾನಗರದ ಹೊರಗೆ ಸಾಕುವ ಶಕ್ತಿ ಯಾರಿಗಿದ್ದಿತು? 1966ರಲ್ಲಿ ಬೆಂಗಳೂರಿಗೆ ಕಂಠೀರವ ಸ್ಟುಡಿಯೋ ಬಂದಿತು. ಕುಂದಗೋಳದ ಮಟ್ಟಿಗೆ ಬೆಂಗಳೂರೇನು, ಮದರಾಸೇನು!

ಈ ದೂರವನ್ನು ಮೊದಲು ಕುಗ್ಗಿಸಿದುದು ಸಿನಿಮಾ ಅಲ್ಲ, ಮದುವೆ. 1976ರಲ್ಲಿ ಜಪಾನಿನಲ್ಲಿ ಹುಟ್ಟಿದ ವಿ.ಎಚ್.ಎಸ್. ಕ್ಯಾಸೆಟ್ಟು, ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಲಗ್ನಮಂಟಪಗಳನ್ನು ಹೊಕ್ಕಿತು. ಗಾಯಕಿ ಗಂಗೂಬಾಯಿ ಹಾನಗಲ್ಲರು ಗಾಯಕ ಸವಾಯಿ ಗಂಧರ್ವರಲ್ಲಿ ವಿದ್ಯೆ ಕಲಿಯಲೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬರುತ್ತಿದ್ದ ಅದೇ ದಾರಿಯಲ್ಲಿ, ಅರ್ಧ ಶತಮಾನದ ಬಳಿಕ ಮದುವೆಯ ಕ್ಯಾಸೆಟ್ಟುಗಳು ವಿರುದ್ಧ ದಿಕ್ಕಿಗೆ, ‘ಮಿಕ್ಸಿಂಗಿಗೆ’, ಅಂದರೆ ಸಂಕಲನಕ್ಕೆ, ಎಂದು ಪಯಣಿಸತೊಡಗಿದವು. ಅಂದಿನ ಚಿಕ್ಕ ಸ್ಟುಡಿಯೋದ ಒಡೆಯನು ಮೊದಲ ಯಂತ್ರವನ್ನು ಆರಿಸುವಾಗ ಅವನೆದುರಿಗಿದ್ದ ಪ್ರಶ್ನೆ ಸರಳ, ಉತ್ತರ ಕಠಿಣ. ದೂರದರ್ಶನದವರು ಬಳಸುತ್ತಿದ್ದ ಯೂಮ್ಯಾಟಿಕ್ ಟೇಪಿನ ಯಂತ್ರ ಅವನ ಕೈಗೆ ಎಟುಕುತ್ತಿರಲಿಲ್ಲ. ಆದುದರಿಂದ ಒಂದು ಪ್ಲೇಯರು, ಒಂದು ರೆಕಾರ್ಡರು, ನಡುವೆ ಒಂದು ಮಿಕ್ಸರು. ಟೇಪಿನಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯೂ ಒಂದು ಮರುಪ್ರತಿ. ಪ್ರತಿಯೊಂದು ಮರುಪ್ರತಿಯೂ ಒಂದಿಷ್ಟು ನಷ್ಟ. ಸುಮಾರು 240 ಗೆರೆಗಳ ಸ್ಪಷ್ಟತೆಯಷ್ಟನ್ನೇ ಹೊತ್ತು ಬಂದ ಬಿಂಬವು ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ, ವಧುವಿನ ಕೆಂಪು ಸೀರೆಯ ಬಣ್ಣ ಸೀರೆಯ ಅಂಚನ್ನು ದಾಟಿ ಪಕ್ಕದವರ ಮೈಮೇಲೂ ಹರಡುತ್ತಿತ್ತು. ಎರೆಮಣ್ಣಿನ ಧೂಳು ಯಂತ್ರದ ಹೆಡ್ಡಿಗೆ ಕೂತರಂತೂ ಹೇಳತೀರದು.

ಇಷ್ಟಿದ್ದರೂ ಗಿರಾಕಿಯು ಯಂತ್ರವನ್ನು ಅಳೆದುದು ಈ ನಷ್ಟದಿಂದಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ತೆರೆಯ ಮೇಲೆ ಹೃದಯಾಕೃತಿಯೊಂದು ತೆರೆದುಕೊಳ್ಳುವುದೋ ಇಲ್ಲವೋ, ಬೀಗರ ಮುಖಗಳು ಗಿರಗಿರನೆ ತಿರುಗುವುವೋ ಇಲ್ಲವೋ, ಎಂಬುದೇ ಆ ಕಾಲದ ರಸಿಕತೆಯ ಮಾನದಂಡ. ಹೀಗಾಗಿ ಅಲ್ಪ ಬಂಡವಾಳದ ಬಹುಭಾಗವು ಸೊಗಸಿನ ಗುಂಡಿಗಳಿಗೆ ವ್ಯಯವಾಯಿತು. ವರ್ಣವನ್ನು ಯಥಾರ್ಥವಾಗಿ ತೋರಿಸುವ ಮಾನಿಟರನ್ನು ಕೊಳ್ಳಲು ಹಣವೂ ಉಳಿಯಲಿಲ್ಲ, ಬೇಡಿಕೆಯೂ ಹುಟ್ಟಲಿಲ್ಲ. ನಾನು ಆ ಹೃದಯಾಕೃತಿಗಳನ್ನು ಹೀಗಳೆಯುವವನಲ್ಲ, ಜನ ಸಂತೋಷಪಟ್ಟರು. ಆದರೆ ನಮ್ಮ ಸಣ್ಣ ಸ್ಟುಡಿಯೋಗಳಿಗೆ ಇಂದಿಗೂ ಅಂಟಿಕೊಂಡಿರುವ, ಸೊಗಸಿಗೆ ಮೊದಲು ಯಥಾರ್ಥತೆಗೆ ಆಮೇಲೆ ಹಣ ಹಾಕುವ ಒಂದು ದುರಭ್ಯಾಸದ ಬೀಜ ಅಲ್ಲಿಯೇ ಇದೆಯೆಂದು ತೋರುತ್ತದೆ.

1995ರಲ್ಲಿ ಡಿ.ವಿ. ಎಂಬ ಡಿಜಿಟಲ್ ಟೇಪು ಬಂದ ಮೇಲೆ ಮರುಪ್ರತಿಯ ನಷ್ಟವು ತಪ್ಪಿತು, ಅದರ ಸ್ಥಾನದಲ್ಲಿ ಕಾಯುವಿಕೆಯು ಬಂದಿತು. ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕಾಗುತ್ತಿತ್ತು. ಇಳಿದ ಮೇಲೆ ಅದು ಸುಮಾರು 13 ಗಿಗಾಬೈಟ್ ಸ್ಥಳವನ್ನು ನುಂಗುತ್ತಿತ್ತು. ಒಂದು ಸೆಕೆಂಡಿನ ಕರಗುವಿಕೆಯೆಂದರೆ 25 ಚೌಕಟ್ಟುಗಳನ್ನು ಹೊಸದಾಗಿ ಲೆಕ್ಕಹಾಕುವುದು. ಈ ಲೆಕ್ಕಾಚಾರಕ್ಕೆ, ಅಂದರೆ ‘ರೆಂಡರಿಂಗಿಗೆ’, ಹಾಕಿ ಮಲಗಿದವನು ನಡುರಾತ್ರಿ ಕರೆಂಟು ಹೋದರೆ ಬೆಳಿಗ್ಗೆ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಪಿನ್ಯಾಕಲ್, ಮ್ಯಾಟ್ರಾಕ್ಸ್ ಕಂಪನಿಗಳ ಕಾರ್ಡುಗಳು, ತರುವಾಯ ಕ್ಯಾನೋಪಸ್ಸಿನ ಎಡಿಯಸ್ ತಂತ್ರಾಂಶವು, ಮದುವೆಯ ಸಂಕಲನಕಾರರಲ್ಲಿ ಆದರವನ್ನು ಪಡೆದುದು ಬಿಂಬದ ಸೂಕ್ಷ್ಮತೆಯಿಂದಲ್ಲ, ಈ ಕಾಯುವಿಕೆಯನ್ನು ಕಡಿಮೆ ಮಾಡಿದುದರಿಂದ. ಹಳ್ಳಿಗಾಡಿನ ವಿದ್ಯುತ್ತನ್ನು ಬಲ್ಲವನಿಗೆ ಆ ಆಯ್ಕೆಯ ವಿವೇಕವನ್ನು ವಿವರಿಸಬೇಕಾಗಿಲ್ಲ.

ಬಣ್ಣ ತಿದ್ದುವ ವಿದ್ಯೆಯೊಂದು ಮಾತ್ರ ಇನ್ನೂ ಮಹಾನಗರದ ಸ್ವತ್ತಾಗಿತ್ತು. ಲಕ್ಷಾಂತರ ಡಾಲರುಗಳ ಬೆಲೆಯುಳ್ಳ ಡಾವಿಂಚಿ ಯಂತ್ರವನ್ನು ತಯಾರಿಸುತ್ತಿದ್ದ ಸಂಸ್ಥೆಯನ್ನು 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಎಂಬ ಆಸ್ಟ್ರೇಲಿಯದ ಕಂಪನಿಯು ಕೊಂಡುಕೊಂಡು, ತಂತ್ರಾಂಶವನ್ನು 995 ಡಾಲರಿಗೆ ಇಳಿಸಿ, 2011ರಲ್ಲಿ ಅದರ ಒಂದು ಆವೃತ್ತಿಯನ್ನು ಉಚಿತವಾಗಿಯೇ ಹಂಚಿದಾಗ, ಮದರಾಸಿನ ಗ್ರೇಡರನ ಪೀಠವು ಸೈದ್ಧಾಂತಿಕವಾಗಿಯಾದರೂ ಕುಂದಗೋಳದ ಪೇಟೆಯವರೆಗೆ ಬಂದು ತಲುಪಿತು. ತಂತ್ರಾಂಶವು ಉಚಿತವಾಗಿರುವಾಗ ಆಯ್ಕೆಯೇನು ಉಳಿಯಿತೆಂದು ಕೇಳುವವರಿದ್ದಾರೆ. ಉಳಿದುದೆಲ್ಲ ಆಯ್ಕೆಯೇ: ಡಿಸ್ಕು, ಮಾನಿಟರು, ಯು.ಪಿ.ಎಸ್., ಕಣ್ಣನ್ನು ಮೋಸಗೊಳಿಸದ ಗೋಡೆಯ ಬಣ್ಣ.

ಒಂದು ನಿಜವಾದ ಕೆಲಸವನ್ನೇ ಎದುರಿಗಿಟ್ಟುಕೊಂಡು ನೋಡಬಹುದು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಗಾಗಿ ನಡೆಯುವ ಅಹೋರಾತ್ರಿ ಸಂಗೀತವನ್ನು ಮೂರು ಕ್ಯಾಮರಾಗಳಲ್ಲಿ ಹಿಡಿಯಬೇಕೆಂದು ಭಾವಿಸೋಣ. ಗಾಯನ ಎಂಟು ಗಂಟೆಯದು. ಸಂಕಲನಕ್ಕೆ ಅನುಕೂಲವಾದ ಪ್ರೋರೆಸ್ 422 ರೂಪದಲ್ಲಿ ಎಚ್.ಡಿ. ಚಿತ್ರವು ಗಂಟೆಗೆ ಸುಮಾರು 55 ಗಿಗಾಬೈಟ್ ಬೇಡುವುದರಿಂದ, ಒಂದೇ ರಾತ್ರಿಯ ಸಾಮಗ್ರಿಯು 1,320 ಗಿಗಾಬೈಟನ್ನು ಮುಟ್ಟುತ್ತದೆ. ಸುರಕ್ಷತೆಗೆಂದು ಇನ್ನೊಂದು ಪ್ರತಿಯನ್ನಿಟ್ಟರೆ ಅದರ ಇಮ್ಮಡಿ. ಮೂರು ಕ್ಯಾಮರಾಗಳು, ಬೇರೆಯಾಗಿ ಮುದ್ರಿತವಾದ ಧ್ವನಿ, ಇವು ಒಂದೇ ಗಡಿಯಾರಕ್ಕೆ ಬದ್ಧವಾಗಿರದಿದ್ದರೆ, ಗಂಟೆಗಳು ಕಳೆದಂತೆ ಚೌಕಟ್ಟು ಚೌಕಟ್ಟಾಗಿ ಪರಸ್ಪರ ಜಾರುತ್ತವೆ. ಒಂದು ಚೌಕಟ್ಟೆಂದರೆ ಸೆಕೆಂಡಿನ ಇಪ್ಪತ್ತೈದರಲ್ಲೊಂದು ಭಾಗ. ಅಂಥ ನಾಲ್ಕೈದು ಸೇರಿದರೆ ತಬಲೆಯ ಮೇಲಿನ ಕೈಗೂ ಕಿವಿಗೆ ಬೀಳುವ ಪೆಟ್ಟಿಗೂ ಸಂಬಂಧ ಕಡಿದುಹೋಗುತ್ತದೆ. ವರ್ಣವು ತುಸು ಹಳದಿಗೆ ತಿರುಗಿದರೆ ಈ ಊರಿನ ಶ್ರೋತೃಗಳು ಕ್ಷಮಿಸಿಯಾರು. ತಾಳದ ಸಮವು ತಪ್ಪಿ ಬಿದ್ದರೆ ಕ್ಷಮಿಸುವ ಜನ ಅವರಲ್ಲ. ಆದಕಾರಣ ಇಲ್ಲಿ ಮಿಕ್ಸಿಂಗಿನ ಕೋಣೆ ತೆರೆಯುವವನು ಮೊದಲು ಎರಡು ದೊಡ್ಡ ಡಿಸ್ಕುಗಳನ್ನೂ, ಧ್ವನಿಯನ್ನು ನಿಷ್ಠುರವಾಗಿ ಕೇಳಿಸುವ ಒಂದು ಜೊತೆ ಸ್ಪೀಕರುಗಳನ್ನೂ ಕೊಳ್ಳಲಿ, ತರುವಾಯ ಮಾನಿಟರು. ಬಣ್ಣದ ಚಕ್ರಗಳುಳ್ಳ ಆ ಮನೋಹರವಾದ ಪ್ಯಾನೆಲ್ಲು ಎರಡು ಲಗ್ನಸರಾಯಿಗಳು ಕಳೆಯುವವರೆಗೆ ಅಂಗಡಿಯಲ್ಲಿಯೇ ಇರಲಿ.