ಹದಿನಾಲ್ಕರ ಗಡಿ

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ಫುಟ್‌ಬಾಲ್ ಎಂದೊಡನೆ ಜನರ ಮನಸ್ಸಿಗೆ ಬರುವುದು ನಾವು ಬಲ್ಲ ಗುಂಡುಚೆಂಡಿನ ಆಟವಲ್ಲ. ಕ್ರಿಕೆಟ್ ಮೈದಾನದಷ್ಟು ವಿಸ್ತಾರವಾದ ಬಯಲಿನಲ್ಲಿ, ಮೊಟ್ಟೆಯಾಕಾರದ ಚೆಂಡನ್ನು ಒದ್ದು, ಮುಷ್ಟಿಯಿಂದ ಗುದ್ದಿ, ಎದುರಾಳಿಯ ಹೆಗಲನ್ನೇ ಮೆಟ್ಟಿ ಮೇಲೆ ಹಾರಿ ಹಿಡಿದು, ನಾಲ್ಕು ಕಂಬಗಳ ನಡುವೆ ಅಟ್ಟುವ, 1859ರಲ್ಲಿ ಮೆಲ್ಬರ್ನ್ ನಗರದಲ್ಲಿ ನಿಯಮಬದ್ಧವಾದ ಅವರ ಸ್ವಂತ ಆಟ. ಈ ಆಟವನ್ನು ನೋಡಲು ಸ್ತ್ರೀಯರು ಹತ್ತೊಂಬತ್ತನೆಯ ಶತಮಾನದಿಂದಲೂ ದೊಡ್ಡ ಸಂಖ್ಯೆಯಲ್ಲಿ ನೆರೆಯುತ್ತಿದ್ದರು. ಆದರೆ ಬೇಲಿಯ ಹೊರಗೆ ಆದರದಿಂದ ಬರಮಾಡಿಕೊಂಡ ಪ್ರೇಕ್ಷಕಿಯನ್ನು ಬೇಲಿಯ ಒಳಗೆ ಬಿಟ್ಟುಕೊಳ್ಳಲು ಆ ಸಮಾಜಕ್ಕೆ ಬಹುಕಾಲ ಮನಸ್ಸಾಗಲಿಲ್ಲ.

ಅಪವಾದಗಳು ಇಲ್ಲದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಪರ್ತ್ ನಗರದ ಫಾಯ್ ಅಂಡ್ ಗಿಬ್ಸನ್ ಮಳಿಗೆಯಲ್ಲಿ ದುಡಿಯುತ್ತಿದ್ದ ಹೆಂಗಸರು ತಂಡ ಕಟ್ಟಿ ಆಡಿದರೆಂಬುದಕ್ಕೆ ದಾಖಲೆಯುಂಟು. ಅಂಥ ಪಂದ್ಯಗಳನ್ನು ವಿನೋದವೆಂದು ಕಂಡು ಮರೆಯುವುದೇ ರೂಢಿಯಾಗಿದ್ದಿತು. 1981ರಲ್ಲಿ ನಾಲ್ಕು ತಂಡಗಳೊಡನೆ ವಿಕ್ಟೋರಿಯದ ಮಹಿಳಾ ಲೀಗ್ ಸ್ಥಾಪಿತವಾದಾಗಲಷ್ಟೇ ಈ ಆಟಕ್ಕೆ ಸ್ತ್ರೀಯರಲ್ಲಿ ಒಂದು ನೆಲೆ ದೊರೆಯಿತು.

ಆದರೆ ಆ ಲೀಗ್ ಪ್ರಾಯಕ್ಕೆ ಬಂದ ಹೆಂಗಸರದು. ಎಳೆಯ ಹುಡುಗಿಯರೋ, ಅಣ್ಣತಮ್ಮಂದಿರೊಡನೆ ಹುಡುಗರ ತಂಡಗಳಲ್ಲಿಯೇ ಆಡುತ್ತಿದ್ದರು. ಹನ್ನೆರಡು ಹದಿಮೂರು ತುಂಬುತ್ತಿದ್ದಂತೆ, ನಿನ್ನೆಯವರೆಗೆ ಬೆನ್ನು ತಟ್ಟುತ್ತಿದ್ದ ಕ್ಲಬ್ಬೇ ಇನ್ನು ಸಾಕು ಎನ್ನುತ್ತಿದ್ದಿತು. ಅಲ್ಲಿಂದ ಮಹಿಳೆಯರ ತಂಡ ಸೇರುವವರೆಗಿನ ನಾಲ್ಕೈದು ವರ್ಷ, ಯಾವ ಕಸುಬನ್ನಾದರೂ ಕೈ ಪಳಗಿಸಿಕೊಳ್ಳುವ ಆ ಅಮೂಲ್ಯ ವಯಸ್ಸು, ಬರಿದೇ ಕಳೆಯುತ್ತಿದ್ದಿತು. ಬ್ರೈಟ್ ಎಂಬ ಬೆಟ್ಟದೂರಿನಲ್ಲಿ ಹುಡುಗರೊಡನೆ ಆಡಿ ಬೆಳೆದು, ಮುಂದೆ ಮೆಲ್ಬರ್ನ್ ತಂಡದ ನಾಯಕಿಯಾಗಿ ಖ್ಯಾತಳಾದ ಡೇಸಿ ಪಿಯರ್ಸ್ ಸಹ ಈ ಶೂನ್ಯವನ್ನು ದಾಟಿಯೇ ಬಂದವಳು. ದಾಟಲಾರದೆ ಆಟವನ್ನೇ ಬಿಟ್ಟವರ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ಸಿಗವು.

2003ರಲ್ಲಿ ಮೂವರು ಹುಡುಗಿಯರು, ಹುಡುಗರ ತಂಡಗಳಿಂದ ಹೀಗೆ ಹೊರಗಿಡುವುದನ್ನು ಪ್ರಶ್ನಿಸಿ ರಾಜ್ಯದ ನ್ಯಾಯಮಂಡಳಿಯ ಮೊರೆಹೊಕ್ಕರು. ಅವರಲ್ಲೊಬ್ಬಳು ಪೆನಿ ಕ್ಯೂಲಾ-ರೀಡ್. ಸಮಾನಾವಕಾಶದ ಶಾಸನವು ಲಿಂಗಭೇದವನ್ನು ನಿಷೇಧಿಸಿದ್ದರೂ, ಬಲ, ದೇಹದಾರ್ಢ್ಯ, ತಾಳಿಕೆಗಳು ಮುಖ್ಯವಾಗುವ ಸ್ಪರ್ಧೆಗಳಿಗೆ, ಆಡುವವರು ಹನ್ನೆರಡು ದಾಟಿದ್ದರೆ, ಒಂದು ವಿನಾಯಿತಿಯನ್ನಿತ್ತಿದ್ದಿತು. ಆ ವಿನಾಯಿತಿ ಎಲ್ಲಿಂದ ಅನ್ವಯಿಸಬೇಕೆಂಬುದೇ ವ್ಯಾಜ್ಯದ ತಿರುಳು. 2004ರ ತೀರ್ಪು ಗೆರೆಯನ್ನು ಹದಿನಾಲ್ಕರ ಆಸುಪಾಸಿನಲ್ಲಿ ಎಳೆಯಿತು: ಅದರ ಕೆಳಗೆ ಹುಡುಗಿಯರನ್ನು ಹೊರಗಿಡಲಾಗದು, ಅದರ ಮೇಲೆ ಹೊರಗಿಡಬಹುದು. ಹಿರಿಯ ವಯಸ್ಸಿನ ಹುಡುಗಿಯರ ಮಟ್ಟಿಗೆ ಇದು ಸೋಲೇ ಸರಿ. ಆದರೆ ಕಾನೂನೇ ಇವರನ್ನು ಹೊರಗೆ ನಿಲ್ಲಿಸಿದ ಮೇಲೆ, ಇವರು ಹೋಗಬೇಕಾದುದೆಲ್ಲಿಗೆ ಎಂಬ ಪ್ರಶ್ನೆಯನ್ನು ಆಟದ ಆಡಳಿತದವರು ತಪ್ಪಿಸಿಕೊಳ್ಳುವಂತಿರಲಿಲ್ಲ. ಅದೇ 2004ರಲ್ಲಿ ಹದಿಹರೆಯದ ಹುಡುಗಿಯರಿಗೇ ಮೀಸಲಾದ ಸ್ಪರ್ಧೆಯೊಂದು ವಿಕ್ಟೋರಿಯದಲ್ಲಿ ಆರಂಭವಾಯಿತು. ಮೂವರೂ ಗೆದ್ದಿದ್ದರೆ ಒಬ್ಬೊಬ್ಬ ಹುಡುಗಿ ಒಂದೊಂದು ಹುಡುಗರ ತಂಡದ ಮೂಲೆಯಲ್ಲಿ ಒಂಟಿಯಾಗಿ ಉಳಿದು, ಪ್ರತ್ಯೇಕ ಲೀಗಿನ ಮಾತು ಇನ್ನೂ ಹತ್ತು ವರ್ಷ ಹಿಂದೆ ಬೀಳುತ್ತಿದ್ದಿತೇನೋ. ಈ ಪರಾಜಯಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂದೇ ನನ್ನ ಅಭಿಪ್ರಾಯ.

ಈ ಕಿರಿಯರ ಪಂದ್ಯಗಳಲ್ಲಿ ವೈಭವವೇನೂ ಇಲ್ಲ. ಅಲ್ಲಿ ಏಪ್ರಿಲ್ ಕಳೆಯಿತೆಂದರೆ ಚಳಿ ಹತ್ತಿರವಾಯಿತೆಂದರ್ಥ. ಭಾನುವಾರದ ಬೆಳಗ್ಗೆ ಬಡಾವಣೆಯ ಕೆಸರು ಮೈದಾನದಲ್ಲಿ, ಗೋಲುಕಂಬಗಳ ಹಿಂದೆ ಎರಡು ಬಿಳಿಯ ಬಾವುಟಗಳನ್ನು ಹಿಡಿದು ನಿಂತ ತೀರ್ಪುಗಾರ ಎಷ್ಟೋ ವೇಳೆ ಆಟಗಾರ್ತಿಯೊಬ್ಬಳ ತಂದೆಯೋ ತಾಯಿಯೋ ಆಗಿರುತ್ತಾರೆ. ನಡುಕಂಬಗಳ ನಡುವೆ ಒದೆದ ಚೆಂಡು ನೇರವಾಗಿ ಹಾದರೆ ಆರು ಅಂಕ, ಎರಡೂ ಬಾವುಟಗಳು ಬೀಸುತ್ತವೆ. ಪಕ್ಕಕ್ಕೆ ಸರಿದು ಹೋದರೆ ಒಂದೇ ಅಂಕ, ಒಂದೇ ಬಾವುಟ. ಮಗಳ ಒದೆತ ಕಂಬದಿಂದ ಗೇಣುದೂರ ಹೊರಗೆ ಹೋದಾಗ ಒಂದೇ ಬಾವುಟವನ್ನು ಎತ್ತಬೇಕಾದ ತಂದೆಯ ಧರ್ಮಸಂಕಟ ನಮ್ಮ ಪುರಾಣಪುರುಷರಿಗೂ ಒದಗಿರಲಿಕ್ಕಿಲ್ಲ. ಕಾಲುಭಾಗ ಆಟ ಮುಗಿದ ವಿರಾಮದಲ್ಲಿ, ಮನೆಯಿಂದ ಹೆಚ್ಚಿ ಡಬ್ಬಿಯಲ್ಲಿ ತಂದ ಕಿತ್ತಳೆಯ ಹೋಳುಗಳು ಕೆಸರುಗೈಗಳಲ್ಲಿ ಕ್ಷಣಮಾತ್ರದಲ್ಲಿ ಖಾಲಿ.

ಇಂಥ ಬೆಳಗುಗಳು ವರ್ಷದಿಂದ ವರ್ಷಕ್ಕೆ ಕೂಡುತ್ತ ಬಂದು, 2010ರಲ್ಲಿ ಹದಿನೆಂಟರೊಳಗಿನ ಹುಡುಗಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಏರ್ಪಟ್ಟಿತು. 2017ರ ಫೆಬ್ರುವರಿ 3ರ ರಾತ್ರಿ ಮಹಿಳೆಯರ ರಾಷ್ಟ್ರೀಯ ಲೀಗಿನ ಪ್ರಥಮ ಪಂದ್ಯ ಮೆಲ್ಬರ್ನಿನ ಪ್ರಿನ್ಸಸ್ ಪಾರ್ಕಿನಲ್ಲಿ ನಡೆದಾಗ 24,500ಕ್ಕೂ ಮಿಕ್ಕ ಜನ ಕಿಕ್ಕಿರಿದು, ಬಾಗಿಲುಗಳನ್ನು ಮುಚ್ಚಬೇಕಾಯಿತು. ಆ ಮೊದಲ ವರ್ಷದ ಕಾಲಿಂಗ್‌ವುಡ್ ತಂಡದ ಪಟ್ಟಿಯಲ್ಲಿ ಪೆನಿ ಕ್ಯೂಲಾ-ರೀಡಳ ಹೆಸರೂ ಇದ್ದಿತು. ಅದೇ ವರ್ಷ, ಅದುವರೆಗೆ ಹುಡುಗರದಾಗಿದ್ದ ಟಿಎಸಿ ಕಪ್ ಎಂಬ ಕಿರಿಯರ ಸ್ಪರ್ಧೆಗೆ ಬಾಲಕಿಯರ ವಿಭಾಗ ಹುಟ್ಟಿತು. ಆ ಹೆಸರಿನ ಮೂಲ ರಾಜ್ಯದ ಸಾರಿಗೆ ಅಪಘಾತ ಆಯೋಗ. ರಸ್ತೆಯ ಮೇಲೆ ಜನ ಜೋಪಾನವಾಗಿರಲಿ ಎನ್ನುವ ಸಂಸ್ಥೆ ಇಷ್ಟೊಂದು ಮೈಗೆ ಮೈ ತಾಕುವ ಆಟವನ್ನು ಪೋಷಿಸಿದುದು ಸೋಜಿಗವೇ. ಬೆಂಡಿಗೊ, ಗಿಪ್ಸ್‌ಲ್ಯಾಂಡ್, ಮರ್ರೆ ಮೊದಲಾದ ಗ್ರಾಮಾಂತರ ಪ್ರದೇಶಗಳ ತಂಡಗಳೂ ಬಾಲಕಿಯರ ಈ ವಿಭಾಗದಲ್ಲಿದ್ದವು. ಹುಡುಗರದಕ್ಕೆ ಹೋಲಿಸಿದರೆ ಋತು ಬಹಳ ಚಿಕ್ಕದಾಗಿದ್ದಿತು. ಆದರೂ ದೊಡ್ಡ ಕ್ಲಬ್ಬುಗಳ ಪರೀಕ್ಷಕರು ಅಲ್ಲಿಗೇ ಬಂದು ಕುಳಿತರು.

ರಾಷ್ಟ್ರೀಯ ಲೀಗಿನ ತಂಡಗಳು ಹೊಸ ಆಟಗಾರ್ತಿಯರನ್ನು ಸರದಿಯಂತೆ ಆರಿಸಿಕೊಳ್ಳುವ 2018ರ ಆಯ್ಕೆಯಲ್ಲಿ ಗೀಲಾಂಗ್ ತಂಡವು ಎಲ್ಲರಿಗಿಂತ ಮೊದಲು ಕರೆದುಕೊಂಡ ನೀನಾ ಮಾರಿಸನ್, ಕಾರ್ಲ್ಟನ್ ಮೂರನೆಯವಳಾಗಿ ಆರಿಸಿಕೊಂಡ ಮ್ಯಾಡಿಸನ್ ಪ್ರೆಸ್ಪಾಕಿಸ್, ಇಬ್ಬರೂ ಈ ಕಿರಿಯರ ಕಣದಿಂದ ಬಂದವರು. ನ್ಯಾಯಮಂಡಳಿ ತೀರ್ಪಿತ್ತಾಗ ಇಬ್ಬರೂ ಮೂರು ವರ್ಷದ ಕೂಸುಗಳು. 2020ರಲ್ಲಿ ಸಾಂಕ್ರಾಮಿಕದಿಂದ ಲೀಗ್ ಅರ್ಧಕ್ಕೆ ನಿಂತು ಯಾವ ತಂಡಕ್ಕೂ ಪ್ರಶಸ್ತಿ ಸಲ್ಲಲಿಲ್ಲ. ಆದರೆ ಆ ವರ್ಷದ ಅತ್ಯುತ್ತಮ ಆಟಗಾರ್ತಿಯ ಗೌರವ ಸಂದುದು ಪ್ರೆಸ್ಪಾಕಿಸಳಿಗೆ. ಆಗ ಅವಳ ವಯಸ್ಸು ಹತ್ತೊಂಬತ್ತು.