ಒಬ್ಬ ತಾಯಿಯ ಮೊಕದ್ದಮೆ



ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಮಗಳು ಕೇಳಿದರೆ, ಶಾಲೆಯ ನರ್ಸ್ ನಮಗೆ ತಿಳಿಸದೆಯೇ ಗರ್ಭನಿರೋಧಕದ ಬಗ್ಗೆ ಸಲಹೆ ಕೊಡಬಹುದು. ಇದು ಗೊತ್ತಾದಾಗ ನನ್ನ ಎದೆ ಧಸಕ್ಕೆಂದಿತ್ತು. ಹೆತ್ತವಳಿಗೆ ಹಕ್ಕಿಲ್ಲವೇ?

ಇದೇ ಪ್ರಶ್ನೆಯನ್ನು ಇಲ್ಲಿನ ತಾಯಿಯೊಬ್ಬರು ಎಂದೋ ಕೋರ್ಟಿನಲ್ಲಿ ಕೇಳಿದ್ದರು. 16 ವರ್ಷ ತುಂಬದವರಿಗೂ ವಿಶೇಷ ಸಂದರ್ಭಗಳಲ್ಲಿ, ತಂದೆತಾಯಿಯ ಒಪ್ಪಿಗೆಯಿಲ್ಲದೆ ವೈದ್ಯರು ಗರ್ಭನಿರೋಧಕ ಕೊಡಬಹುದೆಂದು 1980ರಲ್ಲಿ ಸರ್ಕಾರಿ ಸುತ್ತೋಲೆ ಬಂತು. ಹತ್ತು ಮಕ್ಕಳ ತಾಯಿ ವಿಕ್ಟೋರಿಯಾ ಗಿಲಿಕ್ ಅದರ ವಿರುದ್ಧ ದಾವೆ ಹೂಡಿದರು. 1983ರಲ್ಲಿ ಸೋತರು, 1984ರಲ್ಲಿ ಮೇಲ್ಮನವಿಯಲ್ಲಿ ಗೆದ್ದರು. ಕೊನೆಗೆ 1985ರ ಅಕ್ಟೋಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಾಧೀಶರಲ್ಲಿ ಮೂವರು ಅವರ ವಿರುದ್ಧ ತೀರ್ಪಿತ್ತರು.

ಆದರೆ ಲಾರ್ಡ್ ಫ್ರೇಸರ್ ಅಂದು ಹಾಕಿದ ಷರತ್ತುಗಳನ್ನು ಗಮನಿಸಿ. ಹುಡುಗಿಗೆ ಸಲಹೆ ಅರ್ಥವಾಗಬೇಕು. ಕೊಡದಿದ್ದರೆ ಅವಳ ಆರೋಗ್ಯಕ್ಕೆ ತೊಂದರೆಯಾಗುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ತಿಳಿಸುವಂತೆ ಅವಳ ಮನವೊಲಿಸಲು ನೋಡಿರಬೇಕು. ಶಾಲಾ ನರ್ಸ್‌ಗಳು ಇಂದಿಗೂ ಇದನ್ನೇ ಪಾಲಿಸುತ್ತಾರೆ.

ಅಂದರೆ ನರ್ಸ್ ಕೇಳಲೇಬೇಕಾದ ಪ್ರಶ್ನೆ ಇದು: "ಅಮ್ಮನಿಗೆ ಹೇಳಬಹುದಾ?"

ನನ್ನ ಮಗಳಿಗೀಗ 13. ಮುಟ್ಟಿನ ವಿಷಯವನ್ನೂ ಪಿಸುದನಿಯಲ್ಲಿ ಆಡುವ ನಮ್ಮ ಮನೆಯಲ್ಲಿ ಬೆಳೆದವಳು ಏನೆಂದು ಉತ್ತರಿಸಿಯಾಳು? ನಿಮ್ಮ ಮಗಳು? ಆ ಪ್ರಶ್ನೆ ಬರುವ ಮೊದಲೇ ನಾವು ಮಾತು ಶುರುಮಾಡೋಣ. ನಾನಂತೂ ಈ ಶನಿವಾರವೇ ಶುರುಮಾಡುತ್ತೇನೆ.